ಹನುಮವ್ವ ಕೊಟ್ಟ ನೀರು

ಕೊರೋನಾದ ಗಲಾಟೆ ಮುಗಿದು ಎರಡನೆಯ ಬೇಸಿಗೆ. ಆಗ ನಾನು ಕೊಪ್ಪಳದಲ್ಲಿ ಸಹಕಾರ ಸಂಘಗಳ ಲೆಕ್ಕ ತಪಾಸಣೆ ಮಾಡುವ ಸೀನಿಯರ್ ಆಡಿಟರ್ ಆಗಿದ್ದೆ. ಯಲಬುರ್ಗಾ ಮತ್ತು ಕುಷ್ಟಗಿ ತಾಲ್ಲೂಕಿನ ಸಂಘಗಳು ನನ್ನ ಪಾಲಿಗಿದ್ದವು. ಹಾಲಿನ ಸಂಘ, ಪತ್ತಿನ ಸಂಘ, ನೇಕಾರರ ಸಂಘ ಎಂದು ಒಂದಲ್ಲ ಒಂದು ಊರಿನ ಬಸ್ಸಿನಲ್ಲಿ ನನ್ನ ದಿನ ಕಳೆಯುತ್ತಿತ್ತು. ನಿವೃತ್ತಿ ಹತ್ತಿರ ಬಂದಿತ್ತು, ಮತ್ತು ನನ್ನ ಸೇವೆಯಲ್ಲಿ ಒಂದೇ ಒಂದು ಕಪ್ಪು ಚುಕ್ಕೆ ಇರಲಿಲ್ಲ. ಈ ಮಾತನ್ನು ಆಗ ಕೇಳಿದವರಿಗೂ ಹೇಳುತ್ತಿದ್ದೆ, ಕೇಳದವರಿಗೂ ಹೇಳುತ್ತಿದ್ದೆ.

ಈಗ ಗಂಗಾವತಿಯ ಕಾಲೇಜೊಂದರವರು ವೃತ್ತಿ ಮಾರ್ಗದರ್ಶನದ ಹೆಸರಿನಲ್ಲಿ ನನ್ನನ್ನು ಕರೆಯುತ್ತಾರೆ. ಬಿ.ಕಾಂ. ಓದುವ ಹುಡುಗ ಹುಡುಗಿಯರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. ನಮಗೆ ದಿನಕ್ಕೊಂದು ಹೊಸ ಸಾಹಸ ಬೇಡ, ಮೊದಲೇ ಹಾಕಿಟ್ಟ ಪದ್ಧತಿಯಂತೆ ನಡೆಯುವ ಕೆಲಸ ಬೇಕು, ಅಂಥವರಿಗೆ ಯಾವುದು ಸರಿ ಎಂದು. ಬ್ಯಾಂಕಿನ ಎಕ್ಸಿಕ್ಯುಟಿವ್ ಹುದ್ದೆ, ವಿಮಾ ಕಚೇರಿ, ಖಜಾನೆ ಎಂದು ಹೇಳಿ ಕೊನೆಗೆ ಆಡಿಟ್ ಎನ್ನುತ್ತೇನೆ, ಆಗ ನನ್ನ ದನಿ ತುಸು ಏರುತ್ತದೆ. ಗೆರೆ ಹಾಕಿದ ಕಡೆ ನಡೆಯುವವರಿಗೆ ಇದಕ್ಕಿಂತ ನೆಮ್ಮದಿಯ ಕೆಲಸ ಇಲ್ಲ. ಪ್ರತಿ ಖರ್ಚಿಗೂ ರಸೀದಿ ಇದೆಯೇ ಎಂದು ತಾಳೆ ನೋಡಬೇಕು, ಅದಕ್ಕೆ ವೋಚಿಂಗ್ ಎನ್ನುತ್ತೇವೆ. ಪುಸ್ತಕದಲ್ಲಿ ಇದೆ ಎಂದದ್ದು ಗೋದಾಮಿನಲ್ಲೂ ಇದೆಯೇ ಎಂದು ಕಣ್ಣಾರೆ ನೋಡಬೇಕು, ಅದು ಫಿಸಿಕಲ್ ವೆರಿಫಿಕೇಶನ್. ತಾಳೆಯಾಗದಿದ್ದರೆ ಬರೆಯುವ ಆಕ್ಷೇಪಣೆಗೆ ಆಡಿಟ್ ಪ್ಯಾರಾ ಎಂದು ಹೆಸರು. ಯಾರ ಮುಖವನ್ನೂ ನೋಡಬೇಕಾಗಿಲ್ಲ. ಮುಖ ನೋಡದೆ ಕೆಲಸ ಮಾಡುವುದೇ ಈ ವೃತ್ತಿಯ ಹಿರಿಮೆ ಎಂದು ನಾನು ನಂಬಿದ್ದೆ. ಆ ಮಕ್ಕಳಿಗೆ ಹೇಳದೆ ಬಿಡುವ ಪ್ರಸಂಗ ಒಂದಿದೆ. ಮೈಕಿನ ಮುಂದೆ ನಿಂತು ಹೇಳಲು ನಾಚಿಕೆಯಾಗುತ್ತದೆ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಕಾರಟಗಿಯಲ್ಲಿ, ಭತ್ತದ ದಲಾಲಿ ಅಂಗಡಿಯ ಮನೆಯಲ್ಲಿ. ಊರಲ್ಲಿ ನಮಗೆ ಶೆಟ್ಟರು ಎನ್ನುತ್ತಾರೆ. ಅಡ್ಡಹೆಸರು ಕೇಳಿದರೆ ಸಾಕು, ಜಾತಿ ಯಾವುದೆಂದು ಯಾರೂ ಮತ್ತೆ ಕೇಳುವುದಿಲ್ಲ. ನಮ್ಮ ಮನೆಯಲ್ಲಿ ಜಾತಿಯ ಮಾತೇ ಬರುತ್ತಿರಲಿಲ್ಲ ಎಂದು ಬಹಳ ಕಾಲ ಹೆಮ್ಮೆಯಿಂದ ಹೇಳಿಕೊಂಡೆ. ಆ ಮಾತು ತೆಗೆಯುವ ಅಗತ್ಯವೇ ನಮಗೆ ಬಿದ್ದಿರಲಿಲ್ಲ ಎಂಬುದು ಹೊಳೆದದ್ದು ತಡವಾಗಿ.

ನೌಕರಿಗೆ ಸೇರಿದಾಗ ನನಗೆ ಕೆಲಸ ಕಲಿಸಿದವರು ಒಬ್ಬ ಹಿರಿಯ ಆಡಿಟರ್, ಈಗ ತೀರಿಹೋಗಿದ್ದಾರೆ. ಮೊದಲ ದಿನವೇ ಅವರು ಹೇಳಿದ್ದು ವೋಚಿಂಗ್ ಬಗ್ಗೆ ಅಲ್ಲ.

"ಉಂಡ ಮನಿಗಿ ಎರಡು ಬಗೀಬಾರದು ಅಂತಾರ. ನಮ್ಮ ಕೆಲಸಾನ ಎರಡು ಬಗಿಯೂದು. ಅದಕ್ಕ ತಪಾಸಣಿಗಿ ಹೋದಲ್ಲಿ ಒಂದು ಹನಿ ನೀರೂ ಬ್ಯಾಡ, ತಿಳೀತಿಲ್ಲೊ?"

ತಿಳಿಯಿತು. ಮುಂದೆ ಭತ್ತದ ಸೀಮೆಯ ಸಂಘವೊಂದರಲ್ಲಿ ನನ್ನ ಜೊತೆಗಾರನೊಬ್ಬ ಊಟ ಉಂಡು, ಮನೆಗೆ ಅಕ್ಕಿ ಹೊರಿಸಿಕೊಂಡು ಬಂದು, ಎಲ್ಲ ಸರಿಯಿದೆ ಎಂದು ವರದಿ ಬರೆದ. ಮರುವರ್ಷ ಗೋದಾಮಿನಲ್ಲಿ ಚೀಲಗಳೇ ಇರಲಿಲ್ಲ, ಆತ ಸಸ್ಪೆಂಡ್ ಆದ. ಅಂದಿನಿಂದ ಹಿರಿಯರ ಮಾತು ನನಗೆ ವೇದವಾಯಿತು. ಮನೆಯಿಂದ ರೊಟ್ಟಿ, ಮನೆಯಿಂದ ನೀರು. ಮದುವೆಯ ಮನೆ ಎನ್ನಲಿಲ್ಲ, ತೊಟ್ಟಿಲ ಮನೆ ಎನ್ನಲಿಲ್ಲ, ಆಡಿಟ್ ಇದ್ದ ಊರಿನಲ್ಲಿ ಚಹಾದ ಕಪ್ಪನ್ನು ಮುಟ್ಟಲಿಲ್ಲ. ಸಂಘಗಳವರು ಬೆನ್ನ ಹಿಂದೆ ನನ್ನನ್ನು ಬಾಟ್ಲಿ ಸಾಹೇಬ ಎನ್ನುತ್ತಿದ್ದರು. ನನಗೆ ಅದು ಬಿರುದಿನಂತೆ ಕೇಳುತ್ತಿತ್ತು.

ಆ ಬೇಸಿಗೆಯಲ್ಲಿ ಯಲಬುರ್ಗಾ ತಾಲ್ಲೂಕಿನ ಒಂದು ಮಹಿಳಾ ಹಾಲು ಉತ್ಪಾದಕರ ಸಂಘದ ಆಡಿಟ್ ಬಂತು. ನಮ್ಮ ಕಡೆಯ ಮಂಗಳೂರು, ಕರಾವಳಿಯದಲ್ಲ, ಅದನ್ನು ದಾಟಿ ಎರೆ ಹೊಲಗಳ ನಡುವೆ ಒಳಗೆ ಹೋಗಬೇಕು. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರು ಇಂದಿಗೂ ಸಿಕ್ಕರೆ ನಮಸ್ಕಾರ ಮಾಡುತ್ತಾರೆ, ಮತ್ತು ತಪ್ಪು ಬರೀ ಅವರದಲ್ಲ.

ಸಂಘದ ಕಾರ್ಯದರ್ಶಿಯ ಹೆಸರು ಹನುಮವ್ವ. ಊರ ಹೊರಗಿನ ಕಾಲೋನಿಯವಳು, ದಲಿತರ ಹೆಣ್ಣುಮಗಳು. ಪಿಯುಸಿ ಓದಿದ್ದಳು. ಫ್ಯಾಟ್ ಮಷೀನು, ಅಂದರೆ ಹಾಲಿನ ಜಿಡ್ಡು ಅಳೆದು ಬೆಲೆ ಗೊತ್ತು ಮಾಡುವ ಯಂತ್ರ, ಅದನ್ನು ನಡೆಸುವ ತರಬೇತಿಗೆ ಊರಿನಿಂದ ಹೋಗಲು ಒಪ್ಪಿದವಳು ಆಕೆಯೊಬ್ಬಳೇ. ಹಾಗಾಗಿ ಸಂಘದವರು ಆಕೆಯನ್ನೇ ನೇಮಿಸಿದ್ದರು. ಮೊದಮೊದಲು ಕೆಲವು ಮನೆಯವರು ಹಿಂದೆಮುಂದೆ ನೋಡಿದರಂತೆ. ಆಮೇಲೆ, ಹಾಲು ಕ್ಯಾನಿನಾಗ ಡೈರಿಗಿ ಹೋಗತೈತಿ, ನಮ್ಮ ಮನಿಗಿ ವಾಪಸ್ ಬರಂಗಿಲ್ಲಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ಹಾಲು ಹಾಕತೊಡಗಿದ್ದರು. ಬೆಳಿಗ್ಗೆ ಸಂಜೆ ಎಲ್ಲ ಓಣಿಯ ಹೆಂಗಸರೂ ಸಾಲು ಹಚ್ಚುವ ಆ ಮೇಜಿನ ಹಿಂದಿನ ಕುರ್ಚಿಯಲ್ಲಿ ಕಾಲೋನಿಯವರು ಕೂತದ್ದು ಅದೇ ಮೊದಲು. ಆಕೆಯ ಸಂಬಳದ ಮೇಲೆ ಮನೆ ನಡೆಯುತ್ತಿತ್ತು ನಿಜ. ಆದರೆ ಆ ಕುರ್ಚಿ ಸಂಬಳಕ್ಕಿಂತ ದೊಡ್ಡದಾಗಿತ್ತು.

ನಾನು ಹೋದ ದಿನ ಬಿಸಿಲು ಎಂಥದ್ದೆಂದರೆ ಸಂಘದ ತಗಡಿನ ಮಾಡು ಟಣ್ ಟಣ್ ಎನ್ನುತ್ತಿತ್ತು. ಹನುಮವ್ವ ಎಲ್ಲವನ್ನೂ ಜೋಡಿಸಿ ಇಟ್ಟಿದ್ದಳು. ವೋಚರುಗಳು ತಿಂಗಳುವಾರು, ಪಶು ಆಹಾರದ ಚೀಲಗಳು ಎಣಿಸಲು ಬರುವಂತೆ ಒಂದೇ ಸಾಲಿನಲ್ಲಿ. ಕೇಳಿದ ಕಾಗದ ಕೇಳಿದ ಗಳಿಗೆಗೆ ಮುಂದೆ ಬರುತ್ತಿತ್ತು. ಇಂಥ ಸಂಘ ಸಿಕ್ಕಾಗ ಆಡಿಟರನಿಗೆ ಒಳಗೊಳಗೆ ಸಿಟ್ಟು ಬರುತ್ತದೆ, ಯಾಕೆಂದರೆ ಹುಡುಕಲು ಏನೂ ಇರುವುದಿಲ್ಲ. ನಾನು ಮತ್ತಷ್ಟು ಬಿಗಿಯಾಗಿ ಹುಡುಕಿದೆ. ಏನೂ ಸಿಗಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಹೆಂಗಸರು ಹಾಲಿನ ತಂಬಿಗೆ ಹಿಡಿದು ಬಾಗಿಲ ಮುಂದೆ ಸೇರತೊಡಗಿದರು. ನನ್ನ ಬಾಟಲಿಯ ನೀರು ಒಲೆಯ ಮೇಲೆ ಇಟ್ಟಂತೆ ಬಿಸಿಯಾಗಿತ್ತು. ಗಂಟಲು ಒಣಗಿ ಕೆಮ್ಮು ಬಂತು. ಹನುಮವ್ವ ಎದ್ದು ಮೂಲೆಯ ಮಡಕೆಯಿಂದ ಒಂದು ಸ್ಟೀಲ್ ಲೋಟ ನೀರು ತಂದು ನನ್ನ ಮುಂದೆ ಇಟ್ಟಳು. ತಣ್ಣಗಿನ ನೀರು, ಲೋಟದ ಹೊರಮೈ ಬೆವರಿತ್ತು.

"ನೀರರ ತಗೋರಿ ಸರ. ಭಾಳ ಕೆಮ್ಮಾಕತ್ತೀರಿ."

ನಾನು ಎಣಿಕೆಯ ನಡುವೆ ಇದ್ದೆ. ತಲೆ ಎತ್ತಲಿಲ್ಲ. ಬೇಡ, ಒಯ್ಯಿ ಎಂದೆ. ಎಡಗೈಯಲ್ಲಿ ವೋಚರಿನ ಕಟ್ಟು, ಬಲಗೈಯಲ್ಲಿ ಪೆನ್ನು. ನೀರು ಕಾಗದದ ಮೇಲೆ ಚೆಲ್ಲೀತೆಂದು ಪೆನ್ನಿನ ತುದಿಯಿಂದ ಆ ಲೋಟವನ್ನು ಮೇಜಿನ ಅಂಚಿಗೆ ಸರಿಸಿದೆ. ಮತ್ತೆ ನನ್ನ ಬಾಟಲಿ ಎತ್ತಿ ಆ ಬಿಸಿ ನೀರನ್ನೇ ಕುಡಿದೆ. ಬಾಗಿಲಲ್ಲಿ ನಿಂತವರು ಮಾತು ನಿಲ್ಲಿಸಿದ್ದು ಕಿವಿಗೆ ಬಿತ್ತು. ಸಾಹೇಬರಿಗೆ ಕೆಲಸ ಮಾಡಲು ಬಿಡುತ್ತಿದ್ದಾರೆ, ಎಷ್ಟು ಮರ್ಯಾದೆ ಎಂದುಕೊಂಡೆ. ಹನುಮವ್ವ ಲೋಟ ಎತ್ತಿಕೊಂಡು ಕಿಟಕಿಯ ಮೇಲಿಟ್ಟು ಹಾಲು ಅಳೆಯಲು ಹೋದಳು. ನಾನು ಹೊರಡುವಾಗಲೂ ಅದು ಅಲ್ಲೇ ಇತ್ತು.

ನನ್ನ ನಿಯಮ ಇದು, ಯಾವ ಊರಲ್ಲೂ ನಾನು ತೆಗೆದುಕೊಳ್ಳುವುದಿಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ತಪಾಸಣೆಗೆ ಒಳಗಾದವರಿಗೆ ನಮ್ಮ ಕ್ರಮ ವಿವರಿಸುವ ಪದ್ಧತಿ ನನ್ನಲ್ಲಿ ಇರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಇಂದು ನನಗೆ ಸ್ವಲ್ಪ ಉಸಿರಾಡಲು ಜಾಗ ಇರುತ್ತಿತ್ತು. ಮರುದಿನ ಕೆಲಸ ಮುಗಿದು, ಸಂಘದ ಅಧ್ಯಕ್ಷೆಯ ಸಹಿ ಬೇಕಾಗಿತ್ತು. ಅಧ್ಯಕ್ಷೆ ಶಾಂತವ್ವ ಊರ ನಡುವಿನ ದೊಡ್ಡ ಮನೆಯಾಕೆ. ಮೊಣಕಾಲು ನೋವು, ಹೊರಗೆ ಬರಲಾರರು. ಕಾಗದ ಹಿಡಿದು ನಾನೇ ಅವರ ಮನೆಗೆ ಹೋದೆ. ಹಿಂದಿನ ದಿನ ಹುಣ್ಣಿಮೆ, ಅವರ ಮನೆಯವರು ಹುಲಿಗಿಯ ದೇವಿಯ ಗುಡಿಗೆ ಹೋಗಿ ಬಂದಿದ್ದರು. ಸಹಿ ಮಾಡಿ, ತೆಂಗಿನ ಚೂರು ಬೆಲ್ಲ ಕೈಗಿಟ್ಟು, ದೇವಿ ಪ್ರಸಾದ, ಒಲ್ಲೆ ಅನಬಾರದು ಎಂದರು. ಪ್ರಸಾದಕ್ಕೆ ಒಲ್ಲೆ ಎನ್ನುವುದು ಹೇಗೆ? ಬಾಯಿಗೆ ಹಾಕಿಕೊಂಡೆ. ಒಣ ಗಂಟಲಿಗೆ ತೆಂಗು ಸಿಕ್ಕಿತು. ಅವರು ತಾಮ್ರದ ಚೊಂಬು ಮುಂದೆ ಹಿಡಿದರು. ಎತ್ತಿ ಗಟಗಟ ಕುಡಿದೆ. ಕಟ್ಟೆಯ ಮೇಲೆ ಕಡಲೆ ಹಸನು ಮಾಡುತ್ತ ನಾಲ್ಕಾರು ಹೆಂಗಸರು ಕೂತಿದ್ದರು. ಹಿಂದಿನ ಸಂಜೆ ಸಂಘದ ಬಾಗಿಲಲ್ಲಿ ನಿಂತವರೂ ಅವರಲ್ಲಿ ಇದ್ದರು.

ಆ ಚೊಂಬಿನ ನೀರು ನನ್ನ ನಿಯಮ ಮುರಿಯಿತು ಎಂದು ನನಗೆ ಆಗ ಅನ್ನಿಸಲೇ ಇಲ್ಲ. ನಿಜಕ್ಕೂ ಅನ್ನಿಸಲಿಲ್ಲ. ಅದೇ ಎಲ್ಲಕ್ಕಿಂತ ದೊಡ್ಡ ನಾಚಿಕೆ.

ಕೊಪ್ಪಳಕ್ಕೆ ಬಂದು ವರದಿ ಬರೆದೆ. ಒಂದೂ ಆಕ್ಷೇಪಣೆ ಇಲ್ಲ, 'ಎ' ವರ್ಗ. ಯಾರಿಗೂ ಸುಲಭಕ್ಕೆ 'ಎ' ಕೊಡುವವನಲ್ಲ ನಾನು. ಕಾರ್ಯದರ್ಶಿಯ ದಾಖಲೆ ನಿರ್ವಹಣೆ ಶ್ಲಾಘನೀಯ ಎಂದೂ ಒಂದು ಸಾಲು ಸೇರಿಸಿದೆ. ಆ ಹೆಣ್ಣುಮಗಳಿಗೆ ದೊಡ್ಡ ಉಪಕಾರ ಮಾಡಿದೆ ಎಂದು ಮನೆಯಲ್ಲಿ ಹೆಂಡತಿ ಗಿರಿಜಾಳ ಮುಂದೆ ಹೇಳಿಕೊಂಡದ್ದೂ ಉಂಟು.

ಶ್ರಾವಣದ ಕೊನೆಗೆ ವೀರೇಶ ಎಂಬ ವಿಸ್ತರಣಾಧಿಕಾರಿ ನನ್ನ ಕಚೇರಿಗೆ ಬಂದ. ಆ ಭಾಗದ ಹಾಲಿನ ಸಂಘಗಳ ಮೇಲ್ವಿಚಾರಣೆ ಆತನದು, ಒಳ್ಳೆಯ ಹುಡುಗ, ನನ್ನನ್ನು ಕಂಡರೆ ಹೆದರುತ್ತಿದ್ದ. ಬಹಳ ಹೊತ್ತು ಮಳೆ ಬೆಳೆ ಮಾತಾಡಿ, ಕೊನೆಗೆ ಆ ಸಂಘದ ಹಾಲು ಅರ್ಧಕ್ಕೆ ಇಳಿದಿದೆ ಎಂದ. ಒಬ್ಬರು ಎಮ್ಮಿ ಗಬ್ಬ ಐತಿ ಎಂದರಂತೆ, ಇನ್ನೊಬ್ಬರು ಮನ್ಯಾಗ ಮೊಮ್ಮಗಗ ಬೇಕು ಎಂದರಂತೆ. ಆಮೇಲೆ ನೋಡಿದರೆ ಇಡೀ ಓಣಿಯೇ ಖಾಸಗಿ ಡೈರಿಯ ಗಾಡಿಗೆ ಹಾಲು ಹಾಕುತ್ತಿತ್ತು. ಕಾರ್ಯದರ್ಶಿಯನ್ನು ಬದಲಿಸಬೇಕೆಂದು ಶಾಂತವ್ವ ಹಟ ಹಿಡಿದಿದ್ದಾರೆ, ಅವರ ತಮ್ಮನ ಮಗಳು ಡಿಗ್ರಿ ಮುಗಿಸಿ ಮನೆಯಲ್ಲಿದ್ದಾಳೆ. ಲೆಕ್ಕದಲ್ಲಿ ಏನಾದರೂ ದೋಷ ಕಂಡಿತ್ತೇ ಎಂದು ಕೇಳಿದ. ಕಂಡಿದ್ದರೆ ನಾನು ಬರೆಯದೆ ಬಿಡುತ್ತಿದ್ದೆನೇ ಎಂದು ಗದರಿದೆ. ವೀರೇಶ ನೆಲ ನೋಡಿದ.

"ಸಿಟ್ಟಾಗಬ್ಯಾಡ್ರಿ ಸರ. ನೀವು ಆಕಿ ಕೊಟ್ಟ ನೀರು ಕೈಲೆ ಸೈತ ಮುಟ್ಟಲಿಲ್ಲಂತ, ಪೆನ್ನಿಲೆ ಸರಿಸಿದ್ರಂತ. ಮರುದಿನ ಶಾಂತವ್ವನ ಮನ್ಯಾಗ ಚೊಂಬ ಎತ್ತಿ ಕುಡದ್ರಂತ. ಓದಿದ ಸಾಹೇಬ್ರ ಮುಟ್ಟಂಗಿಲ್ಲ, ನಾವ್ಯಾಕ ಮುಟ್ಟೂಣು ಅಂತಾರ್ರಿ ಊರಾಗ."

ಮೊದಲು ಬಂದದ್ದು ಸಿಟ್ಟೇ. ಇದು ಇಲಾಖೆಯ ನಿಯಮ, ಆ ಮೂರ್ಖರಿಗೆ ಏನು ಗೊತ್ತು ಎಂದು ಕೂಗಾಡಿದೆ. ವೀರೇಶ ಹೋದ ಮೇಲೆ, ಆ ನಿಯಮವನ್ನು ತೋರಿಸಿಯೇ ಬಿಡುತ್ತೇನೆ ಎಂದು ಕಪಾಟು ತೆಗೆದು ಕೂತೆ. ಕೈಪಿಡಿ ನೋಡಿದೆ, ಸುತ್ತೋಲೆ ನೋಡಿದೆ, ನಡತೆಯ ನಿಯಮ ನೋಡಿದೆ. ಉಡುಗೊರೆ ತೆಗೆದುಕೊಳ್ಳಬಾರದು ಎಂದಿತ್ತು, ಆತಿಥ್ಯಕ್ಕೆ ಮಣಿಯಬಾರದು ಎಂದಿತ್ತು. ನೀರಿನ ಮಾತು ಎಲ್ಲೂ ಇರಲಿಲ್ಲ. ಇಷ್ಟು ವರ್ಷ ನಾನು ಸರ್ಕಾರದ ನಿಯಮ ಎಂದುಕೊಂಡು ಹೊತ್ತದ್ದು ನನಗೆ ಕೆಲಸ ಕಲಿಸಿದ ಹಿರಿಯರ ಬಾಯಿಮಾತು. ಬಾಯಿಮಾತೆಂದು ಅದು ಕೆಟ್ಟದ್ದಲ್ಲ. ಆದರೆ ಆಧಾರವಿಲ್ಲದ ಖರ್ಚು ಕಂಡರೆ ಪ್ಯಾರಾ ಬರೆಯುವವನು, ನನ್ನದೇ ಆಧಾರ ಒಮ್ಮೆಯೂ ನೋಡಿರಲಿಲ್ಲ.

ಗಿರಿಜಾ ಎಲ್ಲ ಕೇಳಿ, ನಾ ಆಕಿ ಜಾಗಾದಾಗ ಇದ್ರೂ ಅದ ತಿಳ್ಕೋತಿದ್ದೆ ಎಂದಳು, ಅಷ್ಟೇ. ನಾನು ಜಾತಿ ನೋಡುವವನಲ್ಲ, ನಿನಗೆ ಗೊತ್ತಿಲ್ಲವೇ ಎಂದೆ. ನನಗ ಗೊತ್ತೈತಿ, ಆ ಲೋಟಕ್ಕ ಗೊತ್ತಿಲ್ಲಲ್ಲ ಎಂದು ಒಳಗೆ ಹೋದಳು. ಆ ರಾತ್ರಿ ನನ್ನನ್ನು ನಾನೇ ಕೇಳಿಕೊಂಡೆ. ಹನುಮವ್ವ ಪ್ರಸಾದ ಎಂದು ಕೊಟ್ಟಿದ್ದರೆ ನನ್ನ ಕೈ ಅಷ್ಟೇ ಸಲೀಸಾಗಿ ಮುಂದೆ ಹೋಗುತ್ತಿತ್ತೇ? ಹೌದು ಎನ್ನಲು ಬಾಯಿ ಬರಲಿಲ್ಲ. ಇಂದಿಗೂ ಬಂದಿಲ್ಲ.

ಪದ್ಧತಿಯ ಮನುಷ್ಯ ಮೊದಲು ಮಾಡುವುದೇನು? ಪತ್ರ ಬರೆಯುತ್ತಾನೆ. ಲೆಕ್ಕ ಪರಿಶೋಧಕರು ಯಾವ ಸಂಘದಲ್ಲೂ ಆತಿಥ್ಯ ಸ್ವೀಕರಿಸುವುದಿಲ್ಲ, ಇದಕ್ಕೆ ಅನ್ಯ ಅರ್ಥ ಕಲ್ಪಿಸಬಾರದು ಎಂದು ಸಂಘಕ್ಕೆ ಸ್ಪಷ್ಟೀಕರಣ ಕಳುಹಿಸಿದೆ, ಮೊಹರು ಹಚ್ಚಿ. ಆಡಳಿತ ಮಂಡಳಿಯಲ್ಲಿ ಅದನ್ನು ಓದಿದಾಗ ಶಾಂತವ್ವ, ಸಾಹೇಬ್ರು ಕಾಗದದಾಗ ಬೇಕಾದ್ದು ಬರೀತಾರ, ಬಾಯಾಗ ಕುಡದದ್ದು ನಮ್ಮ ಮನ್ಯಾಗ ಎಂದರಂತೆ. ಎಲ್ಲರೂ ನಕ್ಕರಂತೆ. ವೀರೇಶ ಫೋನಿನಲ್ಲಿ ಹೇಳಿದ. ಚೊಂಬಿನ ವಿಷಯ ನಾನು ಪತ್ರದಲ್ಲಿ ಬರೆದಿರಲಿಲ್ಲ. ಜಾಣತನದಿಂದ ಬಿಟ್ಟಿದ್ದೆ.

ಸಹಕಾರ ಸಂಘಗಳಲ್ಲಿ ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ ನಡೆಯುತ್ತದೆ. ಆಡಿಟ್ ವರದಿಯನ್ನು ಅಲ್ಲಿ ಓದುತ್ತಾರೆ, ಆಡಿಟರ್ ಬಯಸಿದರೆ ಹಾಜರಿರಬಹುದು. ಕಾರ್ಯದರ್ಶಿಯ ಬದಲಾವಣೆಯೂ ಅಂದಿನ ವಿಷಯಪಟ್ಟಿಯಲ್ಲಿತ್ತು. ನಾನು ಹೋಗಲು ನಿಶ್ಚಯಿಸಿದೆ. ಮನಸ್ಸಿನಲ್ಲಿ ಒಂದು ಯೋಜನೆ ಇತ್ತು, ಹೇಳಲು ಮುಜುಗರ. ಎಲ್ಲರೆದುರು ಹನುಮವ್ವನಿಂದ ನೀರು ಕೇಳಿ ಇಸಿದುಕೊಂಡು ಕುಡಿಯುವುದು. ಅಲ್ಲಿಗೆ ಊರ ಬಾಯಿ ಮುಚ್ಚುತ್ತದೆ, ಆಕೆಯ ಕುರ್ಚಿ ಉಳಿಯುತ್ತದೆ, ನಾನೂ ಹಗುರಾಗುತ್ತೇನೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಅಭ್ಯಾಸ ಮಾಡಿದೆ ಎಂದರೆ ನಗಬೇಡಿ.

ಸಭೆ ಶಾಲೆಯ ಅಂಗಳದಲ್ಲಿ. ಹೆಂಗಸರು ಓಣಿ ಓಣಿಯವರು ಗುಂಪಾಗಿ ಕೂತಿದ್ದರು. ಹನುಮವ್ವ ಮೇಜಿನ ಬದಿಗೆ ಪುಸ್ತಕಗಳೊಂದಿಗೆ ನಿಂತಿದ್ದಳು. ಕುರ್ಚಿ ಇತ್ತು, ಆಕೆ ಕೂತಿರಲಿಲ್ಲ. ನನ್ನ ಸರದಿ ಬಂದಾಗ ಎದ್ದು ನಿಂತೆ. ನನ್ನ ನಿಯಮ ಹೇಳಿದೆ, ಅದು ಎಲ್ಲರಿಗೂ ಒಂದೇ ಎಂದೆ. ಶಾಂತವ್ವನ ಮನೆಯ ಮಾತು ಗಂಟಲಿಗೆ ಬಂದು ನಿಂತಿತು, ಅದನ್ನು ನುಂಗಿಬಿಟ್ಟೆ. ಆಮೇಲೆ ಕೈ ಚಾಚಿ, ಹನುಮವ್ವ, ಒಂದು ಲೋಟ ನೀರು ಕೊಡವ್ವ ಎಂದೆ.

ಆಕೆ ಅಲುಗಲಿಲ್ಲ.

"ಇಲ್ರಿ ಸರ, ಕೊಡಂಗಿಲ್ಲ" ಎಂದಳು. ದನಿ ಏರಿರಲಿಲ್ಲ. "ಅವತ್ತು ನಿಮಗ ನೀರಡಿಕಿ ಆಗಿತ್ತು, ಕಂಡು ಕೊಟ್ಟೆ. ಇವತ್ತು ನಿಮಗ ನೀರಡಿಕಿ ಆಗಿಲ್ಲ. ನನ್ನ ಕೈ ಛಲೋ ಐತಿ ಅಂತ ನಿಮ್ಮ ಬಾಯಿಲೆ ಸಾಕ್ಷಿ ಹೇಳಸೂದು ನನಗ ಬ್ಯಾಡ್ರಿ. ನಿಮ್ಮ ಕೆಲಸ ವರದಿ ಓದೂದು, ಓದ್ರಿ."

ಚಾಚಿದ ಕೈ ಹಾಗೇ ಉಳಿಯಿತು. ಅದನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಕನ್ನಡಕ ಹಾಕಿಕೊಂಡು ವರದಿ ಓದಿದೆ. ಎಲ್ಲ ಸರಿ, ಎಲ್ಲ ತಾಳೆ, ಕಾರ್ಯದರ್ಶಿಯ ಕೆಲಸ ಶ್ಲಾಘನೀಯ. ಓದುತ್ತ ಓದುತ್ತ ನನ್ನ ದನಿ ನನಗೇ ಬೇರೆಯವರದಂತೆ ಕೇಳಿತು. ಮುಂದೆ ಕೂತವರು ಸೆರಗು ಸರಿಪಡಿಸಿಕೊಂಡರು. ಯಾರೂ ಒಂದು ಪ್ರಶ್ನೆ ಕೇಳಲಿಲ್ಲ.

ಆಮೇಲೆ ಆ ವಿಷಯ ಬಂತು. ಸಭೆಯ ಒಪ್ಪಿಗೆಗೆ ಇಟ್ಟ ಠರಾವಿನಲ್ಲಿ ಜಾತಿಯ ಒಂದು ಅಕ್ಷರವಿರಲಿಲ್ಲ. ಹಾಲು ಶೇಖರಣೆ ಕುಸಿದಿರುವುದರಿಂದ ಸಂಘದ ಹಿತದೃಷ್ಟಿಯಿಂದ ಕಾರ್ಯದರ್ಶಿಯನ್ನು ಬದಲಾಯಿಸುವುದು ಎಂದಿತ್ತು. ನಾನು ತಪ್ಪು ಹುಡುಕಿದೆ, ನನ್ನ ಇಡೀ ವಿದ್ಯೆ ಹಚ್ಚಿ ಹುಡುಕಿದೆ. ನೋಟಿಸು ಸರಿಯಾದ ಸಮಯಕ್ಕೆ ಹೋಗಿತ್ತು. ಕೋರಂ, ಅಂದರೆ ಸಭೆ ನಡೆಸಲು ಬೇಕಾದಷ್ಟು ಜನ, ಇತ್ತು. ಸೂಚಕರು, ಅನುಮೋದಕರು ಇದ್ದರು. ಕೈಗಳು ಎದ್ದವು. ಕೆಲವರು ತಡೆದು ತಡೆದು ಎತ್ತಿದರು, ಕೆಲವರು ಪಕ್ಕದವಳ ಮುಖ ನೋಡಿ ಎತ್ತಿದರು. ಕಾಲೋನಿಯವರು ಎತ್ತಲಿಲ್ಲ, ಮತ್ತೂ ಕೆಲವರು ಎತ್ತಲಿಲ್ಲ. ಆದರೆ ಎದ್ದ ಕೈಗಳೇ ಹೆಚ್ಚು. ನಡಾವಳಿ ಪುಸ್ತಕ ನನ್ನ ಮುಂದೆ ಬಂತು. ಹಾಜರಿದ್ದ ಅಧಿಕಾರಿ ಸಹಿ ಮಾಡಬೇಕಿತ್ತು, ಸಭೆ ನಿಯಮದ ಪ್ರಕಾರ ನಡೆದಿದೆ ಎಂದು. ನಡೆದಿತ್ತು. ನಾನು ಸಹಿ ಮಾಡಿದೆ.

ಜನ ಚದುರಿದ ಮೇಲೆ ಹನುಮವ್ವ ಕೀಲಿಕೈ, ಮೊಹರು, ಪುಸ್ತಕ ಎಲ್ಲವನ್ನೂ ಒಪ್ಪಿಸಿ ಶಾಲೆಯ ಗೇಟಿನ ಬಳಿ ಬಂದಳು. ನಾನು ಆಕೆಗಾಗಿಯೇ ಕಾದಿದ್ದೆ. ಇದು ಅಸ್ಪೃಶ್ಯತೆ, ಕಾನೂನು ಇದೆ, ದೂರು ಕೊಡು, ನಾನು ಬೆನ್ನಿಗಿರುತ್ತೇನೆ ಎಂದೆ. ಆಕೆ ನನ್ನನ್ನು ನೋಡಿದ ರೀತಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

"ಏನಂತ ಬರೀಲ್ರಿ? ನೀರು ಮುಟ್ಟಲಿಲ್ಲ ಅಂತ ಬರದ್ರ ಮೊದಲನೇ ಹೆಸರು ನಿಮ್ಮದ ಬರತೈತಿ."

ಶಾಂತವ್ವನ ಮನೆಯ ವಿಷಯ ಆಗ ಹೇಳಿದೆ, ಅಂಗಳದಲ್ಲಿ ಹೇಳಬೇಕಾದ್ದನ್ನು ಗೇಟಿನಲ್ಲಿ ಹೇಳಿದೆ. ಅಲ್ಲಿ ಕುಡಿದದ್ದು ತಪ್ಪು, ನನ್ನಿಂದ ನಿನ್ನ ಕೆಲಸ ಹೋಯಿತು ಎಂದೆ. ಅದು ತನಗೆ ಅಂದೇ ಗೊತ್ತಿತ್ತು ಎಂದಳು. ನಾಲ್ಕು ಹೆಜ್ಜೆ ಹೋದವಳು ತಿರುಗಿ ನಿಂತಳು.

"ಬರೂ ವರ್ಷ ಆಡಿಟ್‌ಗಿ ನೀವ ಬರತೀರಲ್ರಿ. ಹೊಸಾಕಿ ಚಾ ಕೊಡತಾಳ. ಕುಡೀಬ್ಯಾಡ್ರಿ ಸರ. ನೀವು ಕುಡದ್ರ, ಊರ ಮಂದಿ ಅಂದದ್ದು ಖರೆ ಆಗತೈತಿ."

ಅಷ್ಟು ಹೇಳಿ ಕಾಲೋನಿಯ ದಾರಿ ಹಿಡಿದಳು. ನನ್ನ ಮೇಲೆ ಒಂದು ಕೆಟ್ಟ ಮಾತು ಆಡಿದ್ದರೆ ಎಷ್ಟೋ ಚೆನ್ನಾಗಿತ್ತು. ಬಸ್ಸು ಹತ್ತಿ ಕೂತು, ಪಕ್ಕದವರಿಗೆ ಕಾಣದಂತೆ ಮುಖವನ್ನು ಕಿಟಕಿಗೆ ತಿರುಗಿಸಿಕೊಂಡೆ. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಕಣ್ಣೀರು ಬಂತು ಎಂದು ಬರೆಯಲು ನನಗೆ ಸಂಕೋಚವಿಲ್ಲ.

ಮರುವರ್ಷ ಬೇಸಿಗೆಯಲ್ಲಿ ಮತ್ತೆ ಹೋದೆ. ಬೇರೆಯವರಿಗೆ ಆ ಊರು ಬಿಟ್ಟುಕೊಡಬಹುದಿತ್ತು, ಬಿಡಲಿಲ್ಲ. ಹೊಸ ಕಾರ್ಯದರ್ಶಿ, ಶಾಂತವ್ವನ ತಮ್ಮನ ಮಗಳು, ಚುರುಕಿನ ಹುಡುಗಿ, ಆಕೆಯ ಮೇಲೆ ನನಗೆ ಯಾವ ದೂರೂ ಇಲ್ಲ. ಸಂಜೆ ಹಾಲಿನ ಸಾಲು ಬಾಗಿಲಿಂದ ರಸ್ತೆಯವರೆಗೆ ಬೆಳೆದಿತ್ತು. ಖಾಸಗಿ ಗಾಡಿಗೆ ಹೋದವರೆಲ್ಲ ಹಿಂದಕ್ಕೆ ಬಂದಿದ್ದರು. ಹನುಮವ್ವನೂ ಸಾಲಿನಲ್ಲಿ ಇದ್ದಳು, ಕೈಯಲ್ಲಿ ತಂಬಿಗೆ. ಮನೆಯಲ್ಲಿ ಒಂದು ಎಮ್ಮೆ ಕಟ್ಟಿದ್ದಳು. ಹುಡುಗಿ ಚಹಾದ ಕಪ್ಪು ತಂದಿಟ್ಟಳು, ಶಾಂತವ್ವ ಮನೆಯಿಂದ ಕಳುಹಿಸಿದ ಪ್ರಸಾದವೂ ಬಂತು. ಎಲ್ಲರ ಕಣ್ಣು ನನ್ನ ಮೇಲೆ ಇದೆ ಎಂದು ಈ ಸಲ ತಲೆ ಎತ್ತಿ ನೋಡಿ ತಿಳಿದುಕೊಂಡೆ.

ಎದ್ದು ನಿಂತು, ಸಾಲಿನ ಕೊನೆಯವರಿಗೂ ಕೇಳುವಂತೆ ಹೇಳಿದೆ. ತಪಾಸಣೆಗೆ ಹೋದ ಕಡೆ ನಾನು ಯಾರಿಂದಲೂ ಏನೂ ತೆಗೆದುಕೊಳ್ಳುವುದಿಲ್ಲ, ನೀರನ್ನೂ ಇಲ್ಲ, ಪ್ರಸಾದವನ್ನೂ ಇಲ್ಲ. ಹೋದ ವರ್ಷ ಹನುಮವ್ವನ ನೀರು ಬೇಡ ಎಂದದ್ದು ಆ ಕಾರಣಕ್ಕೆ. ಶಾಂತವ್ವನವರ ಮನೆಯಲ್ಲಿ ಕುಡಿದದ್ದು ನನ್ನ ತಪ್ಪು, ಆ ತಪ್ಪಿನಿಂದ ಒಬ್ಬಳ ಕೆಲಸ ಹೋಯಿತು. ಚಹಾದ ಕಪ್ಪನ್ನೂ ಪ್ರಸಾದದ ತಟ್ಟೆಯನ್ನೂ ಎರಡೂ ಕೈಯಲ್ಲಿ ಎತ್ತಿ ಹುಡುಗಿಗೆ ಹಿಂದಕ್ಕೆ ಕೊಟ್ಟೆ.

ಹನುಮವ್ವ ನನ್ನ ಕಡೆ ನೋಡಲಿಲ್ಲ. ಆಕೆಯ ಹಿಂದೆ ನಿಂತಿದ್ದ ಮುದುಕಿಯೊಬ್ಬಳು, ಊರ ನಡುವಿನ ಓಣಿಯಾಕೆ, ಅಂದಿನ ಸಭೆಯಲ್ಲಿ ಕೈ ಎತ್ತಿದ್ದನ್ನು ನಾನೇ ಕಂಡಿದ್ದೆ. ಆಕೆ ತಂಬಿಗೆಯನ್ನು ಕೆಳಗಿಟ್ಟು ನನ್ನನ್ನು ದಿಟ್ಟಿಸಿದಳು.

"ಯಪ್ಪಾ, ಈ ಮಾತು ಅವತ್ತ ಅಂದಿದ್ರ ನಿನ್ನ ಗಂಟೇನ ಹೋಗತಿತ್ತು? ನಾವೂ ಕೈ ಎತ್ತಿ ಪಾಪ ಕಟ್ಟಿಕೊಂಡಿವಿ."

ಯಾರೂ ನಗಲಿಲ್ಲ. ಹೊಸ ಹುಡುಗಿ ಹನುಮವ್ವನ ಹಾಲು ಅಳೆದು ರಸೀದಿ ಹರಿದು ಕೊಟ್ಟಳು. ಆಕೆ ಅದನ್ನು ಓದಿ ನೋಡಿ, ಮಡಚಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು.

ನಿಯಮ ಪಾಲಿಸುವುದನ್ನು ನಾನು ಬಿಟ್ಟಿಲ್ಲ, ಬಿಡಿ ಎಂದು ಯಾರಿಗೂ ಹೇಳುವುದಿಲ್ಲ. ಆದರೆ ಯಾರ ಮುಂದೆ ಪಾಲಿಸುತ್ತೇವೋ ಅವರ ಮುಖ ನೋಡಿ, ಯಾಕೆ ಎಂದು ಬಾಯಿಬಿಟ್ಟು ಹೇಳಿ, ಎಲ್ಲರ ಮನೆಯಲ್ಲೂ ಒಂದೇ ಥರ ಪಾಲಿಸಬೇಕು. ಇಷ್ಟು ಕಲಿಯಲು ನನಗೆ ಇಡೀ ನೌಕರಿ ಬೇಕಾಯಿತು, ಆದರೆ ಕೆಲಸ ಕಳೆದುಕೊಂಡವಳು ಹನುಮವ್ವ. ಮುದುಕಿಯ ಪ್ರಶ್ನೆಗೆ ಅಂದು ನಾನು ಉತ್ತರ ಕೊಡಲಿಲ್ಲ. ನನ್ನ ಗಂಟೇನೂ ಹೋಗುತ್ತಿರಲಿಲ್ಲ.